ಕೊಯ್ದು ನೋಡಿದ ಮೇಲೇ ಬಿಲ್: ಅಸಲಿ ಸೇಫ್ಟಿ ಶೂ ಹುಡುಕಿದ ನನ್ನ ಅನುಭವ

ಲಾಟ್‌ಗೆ ಎರಡು ಜೋಡಿ ಶೂ ಕೊಯ್ದು ನೋಡಿದ ಮೇಲೇ ಬಿಲ್ ಪಾಸ್ ಮಾಡೋದು ಅಂತ ನಾನು ಹೇಳಿದಾಗ ಪರ್ಚೇಸ್‌ನವರು ನಕ್ಕಿದ್ದರು. "ಸಾರ್, ಹೊಸ ಶೂ ಕೊಯ್ತಾ ಕೂತ್ರೆ ಕಂಪನಿ ನಡೆಯುತ್ತಾ?" ಅಂದರು. ಅಕೌಂಟ್ಸ್‌ನವರು ನಗಲೂ ಇಲ್ಲ, ಸುಮ್ನೆ ಫೈಲ್ ಮುಚ್ಚಿಟ್ಟರು. ಈಗ ಎರಡು ವರ್ಷದ ಮೇಲಾಯಿತು. ಅಕ್ಕಪಕ್ಕದ ಶೆಡ್‌ನವರೇ ಬಂದು ನಮ್ಮ ಪಿಒ (ಪರ್ಚೇಸ್ ಆರ್ಡರ್) ಕಾಪಿ ಕೇಳಿ ತಗೊಂಡು ಹೋಗುತ್ತಿದ್ದಾರೆ. ಅದಕ್ಕೇ ಬರೆದುಬಿಡೋಣ ಅನ್ನಿಸಿತು.

ನಮ್ಮದು ಬೆಂಗಳೂರಿನ ಪೀಣ್ಯದಲ್ಲಿ ಫ್ಯಾಬ್ರಿಕೇಶನ್ ಶಾಪ್. ಕಾಂಟ್ರಾಕ್ಟ್ ಹುಡುಗರೂ ಸೇರಿದರೆ 150 ಜನ ಆಗಬಹುದು. ಸ್ಟೋರ್ಸ್ ನನ್ನದು, ಸೇಫ್ಟಿಯೂ ನನ್ನ ತಲೆಗೇ ಕಟ್ಟಿದ್ದಾರೆ. ಶೂ ಯಾಕೆ ಹಾಕಬೇಕು, ಹೆಲ್ಮೆಟ್ ಯಾಕೆ ಬೇಕು ಅನ್ನೋದೆಲ್ಲ ನಿಮಗೆ ಗೊತ್ತಿರುವುದೇ. ಅಸಲಿ ಮಾಲು ಹೇಗೆ ಸಿಕ್ಕಿತು ಅನ್ನೋದಷ್ಟೇ ಹೇಳುತ್ತೇನೆ.

ಮೊದಲು ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಸಪ್ಲೈಯರ್ ಹತ್ತಿರ ಟೆಸ್ಟ್ ರಿಪೋರ್ಟ್ ಕೇಳಿದೆವು. ಸಂಜೆಯೊಳಗೆ ವಾಟ್ಸಾಪ್‌ನಲ್ಲಿ ಪಿಡಿಎಫ್ ಬಂತು. ಇನ್ನೊಬ್ಬ ಸಪ್ಲೈಯರ್‌ನದೂ ಬಂತು. ಎರಡರಲ್ಲೂ ಒಂದೇ ರಿಪೋರ್ಟ್ ನಂಬರ್, ಒಂದೇ ತಾರೀಕು, ಕಂಪನಿ ಹೆಸರು ಮಾತ್ರ ಬೇರೆ! ಹೆಸರಿದ್ದ ಸಾಲಿನ ಅಕ್ಷರ ಪಕ್ಕದ ಸಾಲಿಗಿಂತ ಸ್ವಲ್ಪ ದಪ್ಪ ಇತ್ತು. ಅಲ್ಲಿಗೆ ಕಾಗದದ ಮೇಲಿನ ನಂಬಿಕೆ ಹೋಯಿತು.

ಆಮೇಲೆ ದೊಡ್ಡ ಬ್ರ್ಯಾಂಡ್ ಬಿಟ್ಟು ಬೇರೆ ಬೇಡ ಅಂತ ತೀರ್ಮಾನ ಮಾಡಿದೆವು. ಹೋಲ್‌ಸೇಲ್ ಅಂಗಡಿಯಿಂದ ಬಂದ ಡಬ್ಬ ಅಸಲಿ, ಒಳಗಿನ ಶೂ ಯಾರದೋ. ಆನ್‌ಲೈನ್‌ನಲ್ಲೂ ತರಿಸಿ ನೋಡಿದೆವು. ರೇಟು ಜಾಸ್ತಿ, ಸೈಜ್ ಏರುಪೇರು, ವಾಪಸ್ ಕಳಿಸೋದೇ ಒಂದು ಕೆಲಸವಾಯಿತು. ಆ ವರ್ಷ ಶೂ ಒಂದಕ್ಕೇ ಲಕ್ಷದ ಮೇಲೆ ಇಪ್ಪತ್ತು ಮೂವತ್ತು ಸಾವಿರ ಹೋಗಿರಬೇಕು. ಆದರೂ ನಾಲ್ಕೈದು ತಿಂಗಳಿಗೆ ಸೋಲ್ ಬಾಯಿ ಬಿಡುತ್ತಿತ್ತು.

ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆ ಬಿಐಎಸ್. ಅದರ ಬಿಐಎಸ್ ಕೇರ್ ಆ್ಯಪ್ ನಿಮ್ಮೆಲ್ಲರ ಫೋನಿನಲ್ಲೂ ಇರಬಹುದು. ಐಎಸ್‌ಐ ಗುರುತಿನ ಕೆಳಗಿರುವ ಸಿಎಂ/ಎಲ್ ನಂಬರ್ (ಲೈಸೆನ್ಸ್ ನಂಬರ್) ಹಾಕಿದರೆ ಲೈಸೆನ್ಸ್ ಯಾರದು, ಯಾವ ವಿಳಾಸ, ಚಾಲ್ತಿಯಲ್ಲಿದೆಯಾ ಅಂತ ತೋರಿಸುತ್ತದೆ. ಬಹಳ ಜನ ನಂಬರ್ ಸಿಕ್ಕಿತು ಅಂದ ಕೂಡಲೇ ಖುಷಿಯಾಗಿ ಆ್ಯಪ್ ಮುಚ್ಚುತ್ತಾರೆ. ಪೂರ್ತಿ ಓದಿ. ನಮಗೆ ಬಂದ ಒಂದು ಲಾಟ್‌ನ ನಂಬರ್ ನಿಜವಾದದ್ದೇ, ಆದರೆ ಆ ಲೈಸೆನ್ಸ್ ಶೂಗೆ ಸಂಬಂಧವೇ ಇಲ್ಲದ ಬೇರೆ ಮಾಲಿನದು. ಇನ್ನೊಂದರಲ್ಲಿ ಮಾಲು ಸರಿ, ಡಬ್ಬದ ಮೇಲಿನ ಊರೇ ಬೇರೆ.

ಇದಕ್ಕಿಂತ ಚಾಲಾಕಿನ ಆಟ ಪಾರ್ಟ್ ನಂಬರ್‌ನಲ್ಲಿದೆ. ಶೂಗೆ ಇರುವ ಭಾರತೀಯ ಮಾನದಂಡ ಐಎಸ್ 15298. ಅದರಲ್ಲಿ ಪಾರ್ಟ್ 2 ಅಂದರೆ 200 ಜೂಲ್ (ಪೆಟ್ಟಿನ ಶಕ್ತಿಯ ಅಳತೆ) ಪೆಟ್ಟು ತಡೆಯುವ ಟೋ ಕ್ಯಾಪ್, ಅಂದರೆ ಬೆರಳು ಕಾಯುವ ಗಟ್ಟಿ ಟೋಪಿ. ಪಾರ್ಟ್ 3ಕ್ಕೆ 100 ಜೂಲ್. ಪಾರ್ಟ್ 4ಕ್ಕೆ ಟೋ ಕ್ಯಾಪ್ ಬೇಕೆಂದೇ ಇಲ್ಲ. "ಐಎಸ್‌ಐ ಶೂ ಸಾರ್" ಅಂತ ಪಾರ್ಟ್ 4 ಮಾಲು ತಂದು ಕೊಟ್ಟರೆ ಅವನು ಹೇಳಿದ್ದು ಸುಳ್ಳೂ ಅಲ್ಲ, ನಮ್ಮ ವೆಲ್ಡರ್ ಕಾಲು ಉಳಿಯುವುದೂ ಇಲ್ಲ. ನಮ್ಮ ಹಳೇ ಪಿಒನಲ್ಲಿ ಬರೀ "ಸೇಫ್ಟಿ ಶೂ, ಐಎಸ್‌ಐ" ಅಂತಿತ್ತು. ಈಗ ಪಾರ್ಟ್ ನಂಬರ್ ಇಲ್ಲದೆ ಪಿಒ ಹೊರಗೆ ಹೋಗುವುದಿಲ್ಲ.

ಇನ್ನು ಕೊಯ್ಯುವ ವಿಷಯ. ಗ್ರೈಂಡರ್‌ಗೆ ಕಟಿಂಗ್ ವೀಲ್ ಹಾಕಿ ಶೂವನ್ನು ಮೂತಿಯಿಂದ ಹಿಮ್ಮಡಿವರೆಗೆ ಉದ್ದಕ್ಕೆ ಸೀಳುತ್ತೇವೆ. ಪಿಯು (ಪಾಲಿಯುರೆಥೇನ್) ಸೋಲ್ ಸುಟ್ಟ ವಾಸನೆ ಕೆಟ್ಟದಾಗಿರುತ್ತದೆ, ಹೊರಗೆ ಮಾಡಿ. ಒಳ್ಳೆ ಶೂನಲ್ಲಿ ಉಕ್ಕಿನ ಕ್ಯಾಪ್ ಒಂದೂವರೆ ಎಂಎಂ ಮೇಲಿತ್ತು, ಕೆಳಗಿನ ಅಂಚು ಒಳಕ್ಕೆ ಮಡಚಿತ್ತು. ನಕಲಿಯಲ್ಲಿ ದಪ್ಪ ಅಳೆಯುವ ವರ್ನಿಯರ್ ಇಟ್ಟರೆ ಒಂದು ಎಂಎಂ ಕೂಡ ಇಲ್ಲ, ಅಂಚು ಬೋಳು. ಒಂದು ಲಾಟ್‌ನಲ್ಲಂತೂ ಎಡಗಾಲಿಗೆ ಉಕ್ಕಿನ ಕ್ಯಾಪ್, ಬಲಗಾಲಿಗೆ ಡಬ್ಬದ ಮುಚ್ಚಳದಂಥ ಪ್ಲಾಸ್ಟಿಕ್! ಮ್ಯಾಗ್ನೆಟ್ ಹಿಡಿದು ನೋಡುವವರಿಗೆ ಒಂದು ಮಾತು: ಕಾಂಪೊಸಿಟ್ (ಉಕ್ಕಲ್ಲದ, ಫೈಬರ್ ಬೆರೆಸಿದ ಗಟ್ಟಿ ಪ್ಲಾಸ್ಟಿಕ್) ಕ್ಯಾಪ್‌ಗೂ ಮ್ಯಾಗ್ನೆಟ್ ಅಂಟುವುದಿಲ್ಲ, ಅದು ಪಾಸಾದ ಮಾಲೇ ಇರಬಹುದು. ಮ್ಯಾಗ್ನೆಟ್ ಅಂಟಿದ್ದೆಲ್ಲ ಗಟ್ಟಿ ಅಂತಲೂ ಇಲ್ಲ.

ಅಷ್ಟಕ್ಕೇ ಬಿಡಬಹುದಿತ್ತು, ನನ್ನ ಕೈ ಸುಮ್ಮನಿರಲಿಲ್ಲ. 100 ಎಂಎಂ ದಪ್ಪದ ಎಂಎಸ್ (ಸಾದಾ ಉಕ್ಕಿನ) ರೌಂಡ್ ಬಾರ್ ಒಂದಡಿಗಿಂತ ಸ್ವಲ್ಪ ಉದ್ದ ಕತ್ತರಿಸಿದರೆ 20 ಕೆಜಿ ಬರುತ್ತದೆ. ತುದಿಯನ್ನು ಬೆಣೆಯ ಹಾಗೆ ಗ್ರೈಂಡ್ ಮಾಡಿಸಿ, 5 ಇಂಚಿನ ಪೈಪ್ ನೆಟ್ಟಗೆ ನಿಲ್ಲಿಸಿ ಅದರೊಳಗೆ ಬಿಟ್ಟೆವು. ಮೂರು ಅಡಿ ನಾಲ್ಕು ಇಂಚಿನಿಂದ ಬಿದ್ದರೆ ಹೆಚ್ಚುಕಡಿಮೆ 200 ಜೂಲ್. ಶೂ ಮೂತಿಯೊಳಗೆ ಮಕ್ಕಳು ಆಡುವ ಕ್ಲೇ ಉಂಡೆ ಇಟ್ಟು, ಪೆಟ್ಟು ಬಿದ್ದ ಮೇಲೆ ತೆಗೆದು ಎತ್ತರ ಅಳೆಯುವುದು. 41, 42 ಸೈಜಿಗೆ 14 ಎಂಎಂ ಉಳಿಯಬೇಕು. ಒಳ್ಳೆಯದರಲ್ಲಿ 16, 17 ಉಳಿಯಿತು. ನಕಲಿಯಲ್ಲಿ ಕ್ಲೇ ಚಪಾತಿಯಾಗಿ ಕ್ಯಾಪ್ ಅಂಚಿಗೇ ಕಚ್ಚಿಕೊಂಡಿತ್ತು. ಅದನ್ನು ಯಜಮಾನರ ಟೇಬಲ್ ಮೇಲೆ ಇಟ್ಟೆ. ಆಮೇಲೆ ಪರ್ಚೇಸ್‌ನವರು ನನ್ನ ಜೊತೆ ವಾದ ಮಾಡಿಲ್ಲ.

ಇದು ಲ್ಯಾಬ್ ಅಲ್ಲ, ನೆನಪಿರಲಿ. ಇಲ್ಲಿ ಫೇಲ್ ಆದರೆ ಲಾಟ್ ವಾಪಸ್. ಇಲ್ಲಿ ಪಾಸ್ ಆಯಿತು ಅಂತ ಅಸಲಿ ಅಂದುಕೊಳ್ಳುವ ಹಾಗಿಲ್ಲ, ಸಿಎಂ/ಎಲ್ ನೋಡಲೇಬೇಕು.

ನಿಜವಾಗಿ ಕೆಲಸ ಮಾಡಿದ್ದು ಗ್ರೈಂಡರ್‌ಗಿಂತ ಪಿಒ. ಅದರಲ್ಲಿ ಹೀಗೆ ಬರೆಸಿದೆ: ಆರ್ಡರ್‌ಗಿಂತ ಎರಡು ಜೋಡಿ ಜಾಸ್ತಿ ಕೊಡಬೇಕು, ಅವನ್ನು ನಾವು ಆರಿಸಿ ಕೊಯ್ಯುತ್ತೇವೆ, ಒಂದು ಫೇಲ್ ಆದರೂ ಇಡೀ ಲಾಟ್ ಅವರ ಖರ್ಚಿನಲ್ಲೇ ವಾಪಸ್. ಕೊಟೇಶನ್ ಕೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಉತ್ತರವನ್ನೇ ಕೊಡಲಿಲ್ಲ. ಒಬ್ಬರು ಫೋನ್ ಮಾಡಿ, "ಅಣ್ಣಾ, ಆ ಸಾಲು ತೆಗೀರಿ, 40 ರೂಪಾಯಿ ಕಡಿಮೆ ಮಾಡ್ತೀನಿ" ಅಂದರು. ಇದಕ್ಕಿಂತ ಒಳ್ಳೆ ಟೆಸ್ಟ್ ಯಾವುದಿದೆ ಹೇಳಿ? ಉಳಿದ ಇಬ್ಬರು ಮೂವರು ಮಾತ್ರ ಸರಿ ಅಂದರು. ಅವರಲ್ಲೇ ವ್ಯಾಪಾರ ನಡೆಯುತ್ತಿದೆ.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ಹಳೇ ಶೂ 420ರ ಆಸುಪಾಸು, ವರ್ಷಕ್ಕೆ ಎರಡು ಸಲ ಕೊಡಬೇಕಿತ್ತು. 150 ಜನಕ್ಕೆ ಒಂದೂಕಾಲು ಲಕ್ಷ. ಈಗಿನದು 720, ವರ್ಷ ಆರಾಮಾಗಿ ಬರುತ್ತದೆ. ಒಂದು ಲಕ್ಷ ಎಂಟು ಸಾವಿರ. ಕೊಯ್ಯುವ ಎರಡು ಜೋಡಿಯ ಖರ್ಚು ಸಪ್ಲೈಯರ್ ರೇಟಿನಲ್ಲಿ ಸೇರಿಸಿಕೊಂಡೇ ಇರುತ್ತಾನೆ, ಇರಲಿ ಬಿಡಿ. ಅಕೌಂಟ್ಸ್‌ನವರು ಈಗ ಗ್ಲೌಸ್‌ಗೂ ಹೀಗೇ ಮಾಡಿ ಅನ್ನುತ್ತಿದ್ದಾರೆ.

ಯಾವ ಎರಡು ಜೋಡಿ ಆರಿಸುತ್ತೇನೆ, ಕೊಯ್ಯುವ ಮೊದಲು ಶೂ ನಾಲಿಗೆಯ ಒಳಭಾಗದಲ್ಲಿ ಏನು ನೋಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಇದನ್ನು ಸಪ್ಲೈಯರ್‌ಗಳೂ ಓದುತ್ತಾರೆ. ತಯಾರಾದ ತಿಂಗಳು ಮಾತ್ರ ತಪ್ಪದೆ ನೋಡಿ. ಪಿಯು ಸೋಲ್ ವರ್ಷಗಟ್ಟಲೆ ಗೋಡೌನ್‌ನಲ್ಲಿ ಕೂತರೆ ತೇವಕ್ಕೆ ಒಳಗೇ ಹಾಳಾಗಿ, ಹಾಕಿದ ವಾರಕ್ಕೆ ಪುಡಿಯಾಗಿ ಉದುರುತ್ತದೆ. ಅದು ಅಸಲಿ ಮಾಲಿಗೂ ಆಗುತ್ತದೆ.

ಹೆಲ್ಮೆಟ್‌ಗೆ ಬೇರೆ ಆಟ ಆಡಿದೆ. ಐಎಸ್ 2925 (ಹೆಲ್ಮೆಟ್‌ನ ಮಾನದಂಡ) ಅಂತ ಬರೆದ ಎರಡು ಹಳದಿ ಹೆಲ್ಮೆಟ್, ಒಂದು ನಂಬಿಕೆಯದು, ಒಂದು ಸಂಶಯದ್ದು. ಎರಡನ್ನೂ ಶಿವರಾತ್ರಿ ಹೊತ್ತಿಗೆ ಚಾವಣಿ ಶೀಟ್ ಮೇಲೆ ಬಿಸಿಲಿಗೆ ಕಟ್ಟಿ ಬಿಟ್ಟೆ. ಮಳೆ ಹಿಡಿಯುವ ಮುಂಚೆ ಇಳಿಸಿ ವೈಸ್‌ನಲ್ಲಿ ಹಿಂಡಿದೆ. ಸಂಶಯದ್ದು ಬಣ್ಣ ಬಿಟ್ಟು ಬೆಳ್ಳಗಾಗಿತ್ತು, ಎರಡನೇ ಸುತ್ತಿಗೇ ಬಿರುಕು. ಇನ್ನೊಂದು ಚಪ್ಪಟೆಯಾಗಿ ಮತ್ತೆ ಎದ್ದಿತು. ಹಾಗಂತ ಒಂದೊಂದೇ ಹೆಲ್ಮೆಟ್‌ನಿಂದ ತೀರ್ಪು ಕೊಡೋಕಾಗಲ್ಲ. ಆದರೆ ಕ್ರೇನ್ ಹುಡುಗರು ಹೆಲ್ಮೆಟ್ ಬಿಸಿಲಲ್ಲಿ ಎಸೆಯುವುದು ನಿಂತಿತು.

ಗ್ಲೌಸ್‌ನಲ್ಲಿ ಕೊಯ್ಯುವುದಕ್ಕೂ ಮೊದಲೇ ಸಿಕ್ಕಿಬೀಳುವವರಿದ್ದಾರೆ. ಗ್ಲೌಸ್ ಮೇಲೆ ಹಾಕುವ ಯುರೋಪಿನ ಮಾನದಂಡ ಇಎನ್ 388ರ ಕೆಳಗಿನ ಅಂಕಿಗಳಲ್ಲಿ ಮೊದಲನೆಯದು ಸವೆತದ್ದು. ಅದು 4ಕ್ಕಿಂತ ಮೇಲೆ ಹೋಗುವುದೇ ಇಲ್ಲ. ನಮಗೆ ಬಂದ ಸ್ಯಾಂಪಲ್ ಮೇಲೆ 5544 ಅಂತ ದಪ್ಪಕ್ಕೆ ಅಚ್ಚು ಹಾಕಿದ್ದರು. ಜಾಸ್ತಿ ಹಾಕಿದರೆ ಒಳ್ಳೆಯದು ಅಂದುಕೊಂಡಿರಬೇಕು!

ಎಲೆಕ್ಟ್ರಿಕಲ್ ಗ್ಲೌಸ್ ಮಾತ್ರ ನೀವೇ ಕರೆಂಟ್ ಕೊಟ್ಟು ನೋಡುವ ಸಾಹಸ ಮಾಡಬೇಡಿ. ತೋಳಿನ ಕಡೆಯಿಂದ ಸುತ್ತಿ ಗಾಳಿ ತುಂಬಿಸಿ, ಕೆನ್ನೆ ಹತ್ತಿರ ಹಿಡಿದು ಸೋರುತ್ತದಾ ಅಂತ ನೋಡುವುದು ದಿನದ ಕೆಲಸ. ವೋಲ್ಟೇಜ್ ಟೆಸ್ಟ್‌ಗೆ ಆರು ತಿಂಗಳಿಗೊಮ್ಮೆ ಲ್ಯಾಬ್‌ಗೇ ಕಳಿಸಿ.

ವಾಪಸ್ ಮಾಡಿದ ನಕಲಿ ಮಾಲು ಪಕ್ಕದ ಶೆಡ್‌ಗೆ ಹೋಗುತ್ತದೆ ಅನ್ನೋದು ಆಮೇಲೆ ಗೊತ್ತಾಯಿತು. ಅದಕ್ಕೆ ಈಗ ಫೋಟೋ ತೆಗೆದು ಆ್ಯಪ್‌ನಲ್ಲೇ ದೂರು ಹಾಕುತ್ತೇನೆ. ಬಿಐಎಸ್ ಆಫೀಸು ತುಮಕೂರು ರಸ್ತೆಯಲ್ಲಿ ನಮಗೆ ಹತ್ತಿರವೇ, ಬೇಕಿದ್ದರೆ ಶೂ ಹಿಡಿದುಕೊಂಡೇ ಹೋಗಬಹುದು. ನಮ್ಮ ಹಳೇ ಹೆಲ್ಮೆಟ್, ಹಾರ್ನೆಸ್ (ಎತ್ತರದಲ್ಲಿ ಬೀಳದಂತೆ ಕಟ್ಟಿಕೊಳ್ಳುವ ಪಟ್ಟಿ) ಕೂಡ ಇಡಿಯಾಗಿ ಗುಜರಿಗೆ ಹಾಕುವುದಿಲ್ಲ. ಪಟ್ಟಿ, ಬಕಲ್ ಎಲ್ಲ ಕತ್ತರಿಸಿಯೇ ಕೊಡುವುದು. ಗುಜರಿಯವನು ಕೆಜಿಗೆ ಎರಡು ರೂಪಾಯಿ ಕಡಿಮೆ ಕೊಡುತ್ತೇನೆ ಅಂದ. ಸರಿ ಅಂದೆ.