ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು

ಬಿಡಿಭಾಗಗಳನ್ನು ತಂದು ಕೈಯಾರೆ ಕಂಪ್ಯೂಟರ್ ಜೋಡಿಸಿದವರಲ್ಲಿ ಬಹಳ ಮಂದಿ ಎಡವುವುದು ಇಲ್ಲಿಯೇ. ಗುಂಡಿ ಒತ್ತಿದೊಡನೆ ಫ್ಯಾನ್‌ಗಳು ತಿರುಗುತ್ತವೆ, ದೀಪ ಬೆಳಗುತ್ತದೆ, ಮಾನಿಟರಿನಲ್ಲಿ ಮಾತ್ರ ಏನೂ ಮೂಡುವುದಿಲ್ಲ. ಗಾಬರಿಯಲ್ಲಿ ಎಲ್ಲವನ್ನೂ ಕಿತ್ತು ಮತ್ತೆ ಜೋಡಿಸುತ್ತಾರೆ. ಆಗಲೂ ಏಳದಿದ್ದರೆ ಮದರ್‌ಬೋರ್ಡ್ ಸತ್ತಿದೆ ಎಂದು ಹೊಸದನ್ನು ಕೊಳ್ಳುತ್ತಾರೆ. ಹಾಗೆ ಮೂಲೆಗೆ ಬಿದ್ದ ಬೋರ್ಡುಗಳು ಎಷ್ಟೋ ಸಲ ನನ್ನ ಮೇಜಿನ ಮೇಲೆ ಯಾವ ತಕರಾರೂ ಇಲ್ಲದೆ ಎದ್ದಿವೆ. ಆದ್ದರಿಂದ ನಿಯಮವನ್ನು ಮೊದಲೇ ಹೇಳಿಬಿಡುತ್ತೇನೆ: ಒಂದು ಸಲಕ್ಕೆ ಒಂದೇ ಬದಲಾವಣೆ. ಏನು ಬದಲಿಸಿದಿರಿ, ಏನಾಯಿತು ಎಂಬುದನ್ನು ಚೀಟಿಯಲ್ಲಿ ಬರೆಯಿರಿ. ಒಳಗೆ ಕೈ ಹಾಕುವ ಮುನ್ನ ಪ್ರತಿ ಸಲವೂ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೂರೈಸುವ ಪೆಟ್ಟಿಗೆಯನ್ನಂತೂ ಬಿಚ್ಚಲೇಬೇಡಿ.

ಹಂತ 1: ಮಾನಿಟರ್ ಕೇಬಲ್

ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಬೇರೆಯಾಗಿ ಇದ್ದರೆ ಕೇಬಲ್ ಕಾರ್ಡಿಗೇ ಹೋಗಬೇಕು, ಮದರ್‌ಬೋರ್ಡಿಗಲ್ಲ. ಹೆಸರಿನ ಕೊನೆಯಲ್ಲಿ ‘ಎಫ್’ ಇರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಬಳಸಬಲ್ಲ ಗ್ರಾಫಿಕ್ಸ್ ಇಲ್ಲ. ಅಲ್ಲಿ ಬೋರ್ಡಿನ ಎಚ್‌ಡಿಎಂಐ ಕಿಂಡಿ ಇದ್ದೂ ಇಲ್ಲದಂತೆ. ಮಾನಿಟರಿನ ಇನ್‌ಪುಟ್ ಆಯ್ಕೆಯನ್ನೂ ನೋಡಿ.

ಹಂತ 2: ವಿದ್ಯುತ್

ಫ್ಯಾನ್ ತಿರುಗಿತು ಎಂದರೆ ಪ್ರೊಸೆಸರಿಗೂ ವಿದ್ಯುತ್ ತಲುಪಿದೆ ಎಂದಲ್ಲ. ಬೋರ್ಡಿನ 24 ಪಿನ್‌ಗಳ ದೊಡ್ಡ ಕೇಬಲ್ ಒಂದೇ ಸಾಕು ಫ್ಯಾನ್ ತಿರುಗಿಸಲು. ಪ್ರೊಸೆಸರಿಗೆ ಬೇರೆಯದೇ 8 ಪಿನ್‌ಗಳ ಕೇಬಲ್ ಬೇಕು. ಅದರ ಕಿಂಡಿ ಬೋರ್ಡಿನ ಮೇಲ್ತುದಿಯಲ್ಲಿ, ಕ್ಯಾಬಿನೆಟ್ಟಿನ ಮೂಲೆಗೆ ಅಡಗಿಕೊಂಡಿರುವುದರಿಂದ ಮರೆತುಹೋಗುತ್ತದೆ. ಇದು 4+4 ಆಗಿ ಸೀಳುತ್ತದೆ, ಗ್ರಾಫಿಕ್ಸ್ ಕಾರ್ಡಿನದು 6+2 ಆಗಿ. ಒಂದನ್ನು ಇನ್ನೊಂದರ ಜಾಗಕ್ಕೆ ಒತ್ತಿ ತುರುಕಬೇಡಿ. ಹಳೆಯ ಎಸ್‌ಎಂಪಿಎಸ್‌ನ ಬಿಡಿ ಕೇಬಲ್‌ಗಳನ್ನು ಹೊಸದಕ್ಕೆ ಸಿಕ್ಕಿಸುವ ಉಳಿತಾಯವೂ ಬೇಡವೇ ಬೇಡ. ಎಸ್‌ಎಂಪಿಎಸ್ ಕಡೆಯ ಪಿನ್‌ಗಳ ಜೋಡಣೆ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಕೇಬಲ್ ಸಲೀಸಾಗಿ ಕೂರುತ್ತದೆ, ಡಿಸ್ಕ್ ಸುಟ್ಟುಹೋಗುತ್ತದೆ.

ಏನೂ ತಿರುಗದೇ ಇದ್ದರೆ ಕ್ಯಾಬಿನೆಟ್ಟಿನ ಗುಂಡಿಯನ್ನು ಶಂಕಿಸಿ. ಅದರ ಎರಡು ತಂತಿಗಳನ್ನು ಬೋರ್ಡಿನಿಂದ ತೆಗೆದು, ಆ ಎರಡು ಪಿನ್‌ಗಳಿಗೆ ಸ್ಕ್ರೂಡ್ರೈವರ್ ತುದಿಯನ್ನು ಒಂದು ಕ್ಷಣ ತಾಗಿಸಿ. ಯಂತ್ರ ಎದ್ದರೆ ದೋಷ ಗುಂಡಿಯದು. ಯಾವ ಪಿನ್ ಎಂಬುದನ್ನು ಕೈಪಿಡಿಯ ಚಿತ್ರ ನೋಡಿಯೇ ಗುರುತಿಸಿ, ಊಹಿಸಬೇಡಿ.

ಹಂತ 3: ರ‍್ಯಾಮ್

ನಾನು ಕಂಡ ಕಪ್ಪು ಪರದೆಗಳಲ್ಲಿ ಹೆಚ್ಚಿನವು ಇಲ್ಲಿಯೇ ಬಗೆಹರಿದಿವೆ, ಜನ ಅವಸರ ಮಾಡುವುದೂ ಇಲ್ಲಿಯೇ. ಬೋರ್ಡ್ ಮುರಿದೀತೆಂಬ ಹೆದರಿಕೆಯಿಂದ ರ‍್ಯಾಮ್ ಪಟ್ಟಿಯನ್ನು ಅರ್ಧಕ್ಕೇ ಒತ್ತಿ ಬಿಡುತ್ತಾರೆ. ಕೆಲವು ಸ್ಲಾಟ್‌ಗಳಲ್ಲಿ ಕೊಂಡಿ ಒಂದೇ ಬದಿಗೆ ಇರುವುದರಿಂದ, ಆ ಬದಿ ಕಚ್ಚಿದ್ದನ್ನು ನೋಡಿ ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ಇನ್ನೊಂದು ತುದಿ ಕೂದಲೆಳೆಯಷ್ಟು ಮೇಲೇ ಉಳಿದಿರುತ್ತದೆ. ಪಟ್ಟಿಯ ಕಚ್ಚನ್ನು ಸ್ಲಾಟಿನ ಉಬ್ಬಿಗೆ ಹೊಂದಿಸಿ, ಎರಡೂ ತುದಿಗಳನ್ನು ಹೆಬ್ಬೆರಳುಗಳಿಂದ ನೇರ ಕೆಳಕ್ಕೆ ಒತ್ತಿ. ಟಕ್ ಎಂಬ ಸದ್ದು ಕೇಳಬೇಕು. ಬಳಿಕ ಬದಿಯಿಂದ ಕಣ್ಣಿಟ್ಟು ನೋಡಿ: ಪಟ್ಟಿಯ ಅಂಚು ಸ್ಲಾಟಿಗೆ ಸಮಾನಾಂತರವಾಗಿರಬೇಕು, ಚಿನ್ನದ ಬಣ್ಣದ ಸಂಪರ್ಕಗಳು ಕಾಣಬಾರದು.

ಪರೀಕ್ಷಿಸುವಾಗ ಒಂದೇ ಪಟ್ಟಿ ಸಾಕು. ನಾಲ್ಕು ಸ್ಲಾಟ್‌ಗಳ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನ ಕಡೆಯಿಂದ ಎರಡನೆಯದರಲ್ಲಿ, ಅಂದರೆ ‘ಎ2’ ಎಂದು ಗುರುತಿರುವಲ್ಲಿ ಹಾಕಿ. ಏಳದಿದ್ದರೆ ಅದೇ ಸ್ಲಾಟಿಗೆ ಇನ್ನೊಂದು ಪಟ್ಟಿ. ಆಗಲೂ ಇಲ್ಲದಿದ್ದರೆ ಬೇರೆ ಸ್ಲಾಟ್. ಎಲ್ಲ ಪಟ್ಟಿಗಳೂ ಕೆಲವೇ ಸ್ಲಾಟ್‌ಗಳಲ್ಲಿ ಕೆಲಸ ಮಾಡಿ ಉಳಿದವುಗಳಲ್ಲಿ ಸೋತರೆ ಪ್ರೊಸೆಸರನ್ನು ಎತ್ತಿ, ಸಾಕೆಟ್ಟಿನಲ್ಲಿ ಬಾಗಿದ ಪಿನ್ ಇದೆಯೇ ಎಂದು ಭೂತಗನ್ನಡಿಯಿಂದ ನೋಡಬೇಕು.

ಡಿಡಿಆರ್5 ಎಂಬ ಹೊಸ ಬಗೆಯ ರ‍್ಯಾಮ್ ಬಳಸುವವರು ಇದನ್ನು ಗಮನಿಸಬೇಕು. ಮೊದಲ ಸಲ ಚಾಲೂ ಮಾಡಿದಾಗ ಬೋರ್ಡು ರ‍್ಯಾಮಿನೊಡನೆ ಹೊಂದಾಣಿಕೆ ಮಾಡಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳಬಹುದು, ಅಷ್ಟು ಹೊತ್ತು ಪರದೆ ಕಪ್ಪಾಗಿಯೇ ಇರುತ್ತದೆ. ನಡುವೆ ವಿದ್ಯುತ್ ಕಡಿದರೆ ಆ ಕೆಲಸ ಮೊದಲಿನಿಂದ ಶುರುವಾಗುತ್ತದೆ. ಹದಿನೈದು ನಿಮಿಷ ಸುಮ್ಮನೆ ಬಿಡಿ.

ಹಂತ 4: ಕ್ಯಾಬಿನೆಟ್ಟಿನಿಂದ ಹೊರಗೆ

ಇನ್ನೂ ಏಳಲಿಲ್ಲವೇ? ಬೋರ್ಡನ್ನು ಹೊರತೆಗೆದು ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲಿಡಿ. ಸ್ಥಾಯಿವಿದ್ಯುತ್ ತಡೆಯುವ ಚೀಲದ ಮೇಲೆ ಇಡಬೇಡಿ, ಅದರ ಹೊರಮೈ ವಿದ್ಯುತ್ ಹರಿಸಬಲ್ಲದು. ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್ ಪಟ್ಟಿ, ಎರಡು ವಿದ್ಯುತ್ ಕೇಬಲ್ ಇಷ್ಟೇ ಇರಲಿ. ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಮಾತ್ರ ಕಾರ್ಡ್ ಹಾಕಿ. ಕೂಲರ್ ಇಲ್ಲದೆ ಒಂದು ಕ್ಷಣವೂ ಚಾಲೂ ಮಾಡಬೇಡಿ. ಇಲ್ಲಿ ಎದ್ದ ಬೋರ್ಡು ಕ್ಯಾಬಿನೆಟ್ಟಿನಲ್ಲಿ ಏಳದಿದ್ದರೆ, ಬೋರ್ಡಿಗೆ ತೂತಿಲ್ಲದ ಕಡೆ ಉಳಿದ ಹಿತ್ತಾಳೆಯ ಸ್ಟ್ಯಾಂಡಾಫ್ (ಬೋರ್ಡನ್ನು ಎತ್ತಿ ಹಿಡಿಯುವ ಗೂಟ) ಅದರ ಬೆನ್ನಿಗೆ ತಾಗಿ ಶಾರ್ಟ್ ಮಾಡುತ್ತಿರಬಹುದು.

ಹಲವು ಬೋರ್ಡುಗಳ ಅಂಚಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ (ಗ್ರಾಫಿಕ್ಸ್), ಬೂಟ್ ಎಂಬ ನಾಲ್ಕು ಪುಟ್ಟ ದೀಪಗಳಿರುತ್ತವೆ. ಯಾವುದು ಆರದೆ ಉಳಿಯಿತೋ ದೋಷವನ್ನು ಅಲ್ಲಿಂದ ಹುಡುಕಲು ತೊಡಗಿ. ಬೋರ್ಡ್ ಕೊಳ್ಳುವವರು ಬಣ್ಣದ ಅಲಂಕಾರ ದೀಪಗಳನ್ನು ಬಿಟ್ಟು ಈ ನಾಲ್ಕು ಇರುವುದನ್ನೇ ಆರಿಸಲಿ.

ಹಂತ 5: ಬಯೋಸ್

ಬಯೋಸ್ ಎಂದರೆ ಯಂತ್ರವನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ. ಅದರ ಸೆಟ್ಟಿಂಗ್‌ಗಳನ್ನು ಮೂಲಸ್ಥಿತಿಗೆ ತರಲು ಪ್ಲಗ್ ಕಿತ್ತು, ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನು ಐದು ನಿಮಿಷ ಹೊರಗಿಟ್ಟು ಮತ್ತೆ ಹಾಕಿ. ರ‍್ಯಾಮಿನ ವೇಗ ಹೆಚ್ಚಿಸಲು ಹೋಗಿ ಪರದೆ ಕಳೆದುಕೊಂಡವರಿಗೆ ಬಹುಮಟ್ಟಿಗೆ ಇಷ್ಟೇ ಸಾಕು. ಪ್ರೊಸೆಸರ್ ಬೋರ್ಡಿಗಿಂತ ಹೊಸದಾಗಿದ್ದರೆ ಬಯೋಸ್ ಅದನ್ನು ಗುರುತಿಸದೇ ಇರಬಹುದು: 2018ರ ಬಿ450 ಬೋರ್ಡಿಗೆ 2020ರ ರೈಜೆನ್ 5000 ಸರಣಿಯ ಪ್ರೊಸೆಸರ್ ಹಾಕುವವರು ಮೊದಲು ಬಯೋಸ್ ನವೀಕರಿಸಬೇಕು.

ಕಂಪನಿಯ ಲಾಂಛನ ಮೂಡಿ, ವಿಂಡೋಸ್ ಶುರುವಾಗುವಾಗ ಪರದೆ ಕಪ್ಪಾದರೆ ಮೇಲಿನ ಹಂತಗಳನ್ನು ಬಿಡಿ. ಅದು ಹೆಚ್ಚಾಗಿ ಗ್ರಾಫಿಕ್ಸ್ ಡ್ರೈವರಿನ ತೊಂದರೆ. ಸೇಫ್ ಮೋಡ್‌ನಲ್ಲಿ ತೆರೆದು ಡ್ರೈವರನ್ನು ಅಳಿಸಿ ಹೊಸದಾಗಿ ಹಾಕಿ.