ಶುಗರ್‌ಗೊಂದು ಪಥ್ಯ, ಕೊಲೆಸ್ಟ್ರಾಲ್‌ಗೊಂದು ಪಥ್ಯ ಬೇಡ, ತಟ್ಟೆ ಒಂದೇ ಸಾಕು

ಟೈಪ್ 2 ಡಯಾಬಿಟಿಸ್ ಅಂತ ಗೊತ್ತಾದ ಮೊದಲನೇ ವರ್ಷ ನಾನು ಮಾಡ್ಕೊಂಡ ಎಡವಟ್ಟನ್ನೇ ಮೊದ್ಲು ಹೇಳ್ಬಿಡ್ತೀನಿ. ರಿಪೋರ್ಟಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಬಂತು, ಗಾಬರಿ ಬಿದ್ದು ಬೆಣ್ಣೆ, ಮೊಟ್ಟೆ, ಬಾದಾಮಿ ಎಲ್ಲಾ ಒಂದೇ ದಿನ ಬಂದ್ ಮಾಡಿದೆ, ಆದ್ರೆ ಹೊಟ್ಟೆ ಸುಮ್ನಿರುತ್ತಾ, ಆ ಜಾಗಕ್ಕೆ ಇನ್ನೊಂದು ಸೌಟು ಅನ್ನ, ಇನ್ನೆರಡು ಬ್ರೆಡ್ಡು, ಕೊಬ್ಬಿಲ್ಲ ಅಂತ ಬರೆದಿರೋ ಬಿಸ್ಕೆಟ್ಟು ಬಂದು ಕೂತ್ಕೊಂಡ್ವು. ಮೂರು ತಿಂಗಳಾದ್ಮೇಲೆ ನೋಡಿದ್ರೆ ಟ್ರೈಗ್ಲಿಸರೈಡ್ (ರಕ್ತದಲ್ಲಿ ಓಡಾಡೋ ಒಂದು ಬಗೆ ಕೊಬ್ಬು) 180 ಇದ್ದದ್ದು 260 ಆಗಿತ್ತು, ಶುಗರ್ರೂ ಏರಿತ್ತು. ಎಣ್ಣೆ ಮುಟ್ಟದೇ ಇದ್ರೂ ರಕ್ತದಲ್ಲಿ ಕೊಬ್ಬು ಹೆಂಗೆ ಜಾಸ್ತಿಯಾಯ್ತು ಅಂತ ತಲೆ ಕೆಡಿಸ್ಕೊಂಡಿದ್ದೇ ಬಂತು.

ವಿಷಯ ಇಷ್ಟೇ. ಮೈಗೆ ಬೇಕಾದ್ದಕ್ಕಿಂತ ಹೆಚ್ಚು ಕಾರ್ಬೋಹೈಡ್ರೇಟ್ ಹೋದ್ರೆ ಲಿವರ್ ಅದರಲ್ಲಿ ಸ್ವಲ್ಪ ಭಾಗಾನ ಕೊಬ್ಬು ಮಾಡಿ ಟ್ರೈಗ್ಲಿಸರೈಡ್ ರೂಪದಲ್ಲಿ ರಕ್ತಕ್ಕೆ ಬಿಡುತ್ತೆ, ಇನ್ಸುಲಿನ್ ಮಾತು ಕೇಳದ ಮೈಯಲ್ಲಿ ಈ ಕೆಲಸ ಇನ್ನೂ ಜೋರು, ಜೊತೆಗೆ ಒಳ್ಳೆ ಕೊಲೆಸ್ಟ್ರಾಲ್ ಅಂತಾರಲ್ಲ ಎಚ್‌ಡಿಎಲ್, ಅದು ಇಳಿಯುತ್ತೆ. ಹಾಗಾಗಿ ಶುಗರ್ರು, ಕೊಲೆಸ್ಟ್ರಾಲ್ ಎರಡನ್ನೂ ಬೇರೆ ಬೇರೆ ಕಾಯಿಲೆ ತರ ನೋಡಿದ್ರೆ ಒಂದನ್ನ ಇಳಿಸೋಕೆ ಹೋಗಿ ಇನ್ನೊಂದನ್ನ ಏರಿಸ್ಕೋತೀರ.

ಮೊದಲನೇ ಕೆಲಸ, ರಿಪೋರ್ಟನ್ನ ಸರಿಯಾಗಿ ಓದೋದು. ಟೋಟಲ್ ಕೊಲೆಸ್ಟ್ರಾಲ್ ಒಂದನ್ನೇ ನೋಡಿ ಖುಷಿ ಪಡೋದೂ ಬೇಡ, ಅಳೋದೂ ಬೇಡ. ಟೋಟಲ್‌ನಲ್ಲಿ ಎಚ್‌ಡಿಎಲ್ ಕಳೀರಿ, ಉಳಿಯೋದೇ ನಾನ್ ಎಚ್‌ಡಿಎಲ್, ಅಂದ್ರೆ ರಕ್ತನಾಳಕ್ಕೆ ತೊಂದರೆ ಕೊಡೋ ಕೊಲೆಸ್ಟ್ರಾಲ್ ಎಲ್ಲಾ ಸೇರಿ. ಟೋಟಲ್ 200, ಎಚ್‌ಡಿಎಲ್ 38 ಇದ್ರೆ 162, ಟೋಟಲ್ ಪರವಾಗಿಲ್ಲ ಅನ್ಸಿದ್ರೂ ಇದು ಚೆನ್ನಾಗಿಲ್ಲ. ಕೆಟ್ಟ ಕೊಲೆಸ್ಟ್ರಾಲ್ ಅಂತಾರಲ್ಲ ಎಲ್‌ಡಿಎಲ್, ಅದು ಸಾಮಾನ್ಯವಾಗಿ 100ರ ಒಳಗೆ, ಬಿಪಿ, ಸಿಗರೇಟು ಇಂಥ ರಿಸ್ಕೂ ಜೊತೆಗಿದ್ರೆ 70ರ ಒಳಗೆ, ಹಾರ್ಟ್ ತೊಂದರೆ ಆಗೋಗಿದ್ರೆ ಇನ್ನೂ ಕೆಳಗೆ ಇರ್ಬೇಕು ಅಂತಾರೆ, ನಿಮಗೆ ಎಷ್ಟು ಅನ್ನೋದನ್ನ ಡಾಕ್ಟ್ರ ಹತ್ರಾನೇ ಕೇಳಿ ಬರ್ಕೊಳ್ಳಿ. ಟ್ರೈಗ್ಲಿಸರೈಡ್ 150ರ ಒಳಗಿದ್ರೆ ಒಳ್ಳೇದು.

ಆಮೇಲೆ ಅಳತೆ. ಇದು ಬೋರಿಂಗ್, ಆದ್ರೆ ನನಗೆ ಕಣ್ಣು ತೆರೆಸಿದ್ದು ಇದೇ. ಒಂದು ದಿನ ಅಡುಗೆಮನೆ ತಕ್ಕಡಿ ಮೇಲೆ ಖಾಲಿ ತಟ್ಟೆ ಇಟ್ಟು, ಸೊನ್ನೆಗೆ ತಂದು, ದಿನಾ ಬಡಿಸ್ಕೊಳ್ಳೋ ಅಷ್ಟೇ ಅನ್ನ ಹಾಕ್ಕೊಂಡೆ. ಮನಸ್ಸಲ್ಲಿ 'ಒಂದು ಕಪ್ಪು' ಅಂದ್ಕೊಂಡಿದ್ದು, ತಕ್ಕಡಿ 310 ಗ್ರಾಂ ತೋರಿಸ್ತು. ಬೇಯಿಸಿದ ಬಿಳಿ ಅನ್ನ 100 ಗ್ರಾಂಗೆ ಸುಮಾರು 28 ಗ್ರಾಂ ಕಾರ್ಬ್, ಅಂದ್ರೆ ಒಂದೇ ಊಟಕ್ಕೆ 87 ಗ್ರಾಂ! ಡಯಟೀಷಿಯನ್‌ಗಳು 15 ಗ್ರಾಂ ಕಾರ್ಬನ್ನ ಒಂದು ಭಾಗ ಅಂತ ಲೆಕ್ಕ ಇಡ್ತಾರೆ, ಆ ಲೆಕ್ಕದಲ್ಲಿ ನಾನು ಹೆಚ್ಚುಕಮ್ಮಿ ಆರು ಭಾಗ ತಿಂತಿದ್ದೆ, ಅದೂ ಹಾಲು, ಹಣ್ಣು ಬಿಟ್ಟು. ಜೀವನಪೂರ್ತಿ ತೂಗ್ಬೇಕಿಲ್ಲ, ಒಂದು ವಾರ ತೂಗಿದ್ರೆ ಕಣ್ಣಿಗೇ ಅಳತೆ ಬರುತ್ತೆ.

ಪ್ಯಾಕೆಟ್ ಮೇಲೆ 'ಶುಗರ್ ಫ್ರೀ' ಅಂತ ಇದ್ರೆ ಅದನ್ನ ಬಿಟ್ಟು ಹಿಂದೆ ತಿರುಗಿಸಿ ಟೋಟಲ್ ಕಾರ್ಬೋಹೈಡ್ರೇಟ್ ನೋಡಿ, ಸಕ್ಕರೆ ಇಲ್ಲದಿದ್ರೂ ಮೈದಾ ಇರುತ್ತೆ, ಅದೂ ಹೊಟ್ಟೆಗೆ ಹೋದ್ಮೇಲೆ ಗ್ಲೂಕೋಸೇ.

ಈಗ ತಟ್ಟೆ. ಅರ್ಧ ತಟ್ಟೆ ಸೊಪ್ಪು ತರಕಾರಿ (ಆಲೂಗಡ್ಡೆ ಇದರಲ್ಲಿ ಬರಲ್ಲ, ಅದು ಅನ್ನದ ಕಡೆ ಪಾರ್ಟಿ), ಕಾಲು ಭಾಗ ಪ್ರೋಟೀನು, ಕಾಲು ಭಾಗ ಅನ್ನನೋ ಬ್ರೆಡ್ಡೋ. ಬೇಳೆಕಾಳಲ್ಲಿ ಕಾರ್ಬೂ ಇದೆ, ಆದ್ರೂ ನಾನು ಪ್ರೋಟೀನ್ ಕಡೆಗೇ ಹಾಕ್ತೀನಿ, ಯಾಕಂದ್ರೆ ಅದರ ಜೊತೆ ಕರಗೋ ನಾರಿನಂಶ ಬರುತ್ತೆ. ಈ ನಾರು ಮಾಡೋ ಕೆಲಸ ನೋಡಿ, ಲಿವರ್ ಪಿತ್ತರಸ ಮಾಡೋದೇ ಕೊಲೆಸ್ಟ್ರಾಲ್‌ನಿಂದ, ಆ ಪಿತ್ತವನ್ನ ಕರುಳಲ್ಲಿ ನಾರು ಹಿಡ್ಕೊಂಡು ಹೊರಗೆ ಸಾಗಿಸ್ಬಿಡುತ್ತೆ, ಆಗ ಲಿವರ್ ಹೊಸ ಪಿತ್ತ ಮಾಡೋಕೆ ರಕ್ತದಲ್ಲಿರೋ ಎಲ್‌ಡಿಎಲ್ಲನ್ನ ಎಳ್ಕೋಬೇಕಾಗುತ್ತೆ. ಅದೇ ನಾರು ಗ್ಲೂಕೋಸ್ ರಕ್ತಕ್ಕೆ ಸೇರೋದನ್ನೂ ನಿಧಾನ ಮಾಡುತ್ತೆ. ಓಟ್ಸ್, ಬಾರ್ಲಿ, ಕಾಳುಗಳು, ಸೇಬು, ಇವೆಲ್ಲದರಲ್ಲೂ ಇದೆ. ಒಂದೇ ಸಲ ಜಾಸ್ತಿ ಮಾಡ್ಬೇಡಿ, ಗ್ಯಾಸ್ ಆಗಿ ಮನೆಯವರೆಲ್ಲಾ ಬೈತಾರೆ.

ಕೊಬ್ಬನ್ನ ಪೂರ್ತಿ ಬಿಡೋದಲ್ಲ, ಬದಲಾಯಿಸೋದು. ಎಲ್‌ಡಿಎಲ್ ಏರಿಸೋದ್ರಲ್ಲಿ ಆಹಾರದಲ್ಲಿರೋ ಕೊಲೆಸ್ಟ್ರಾಲ್‌ಗಿಂತ ಬೆಣ್ಣೆ, ತುಪ್ಪ, ಕೊಬ್ಬಿನ ಮಾಂಸದಲ್ಲಿರೋ ಸ್ಯಾಚುರೇಟೆಡ್ ಕೊಬ್ಬಿನ ಪಾತ್ರ ದೊಡ್ಡದು, ವನಸ್ಪತಿಯ ಟ್ರಾನ್ಸ್ ಫ್ಯಾಟ್ ಅಂತೂ ಎಲ್‌ಡಿಎಲ್ ಏರಿಸಿ ಎಚ್‌ಡಿಎಲ್ ಇಳಿಸುತ್ತೆ. ಇವುಗಳ ಜಾಗಕ್ಕೆ ಬಾದಾಮಿ, ವಾಲ್‌ನಟ್, ಮೀನು, ದ್ರವವಾಗಿರೋ ಸಸ್ಯಜನ್ಯ ಎಣ್ಣೆ ಬರಲಿ. ಹಾಗಂತ ಎಣ್ಣೆ ಸುರೀಬೇಡಿ, ಯಾವ ಕೊಬ್ಬೇ ಆಗ್ಲಿ ಗ್ರಾಂಗೆ 9 ಕ್ಯಾಲೊರಿ, ಕಾರ್ಬ್‌ಗೆ 4.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳ್ಬೇಕು. ಇನ್ಸುಲಿನ್ ತಗೊಳ್ಳೋರು, ಗ್ಲಿಮೆಪಿರೈಡ್ ತರದ ಮಾತ್ರೆ ನುಂಗೋರು ಡಾಕ್ಟ್ರಿಗೆ ಹೇಳ್ದೆ ದಿಢೀರಂತ ಕಾರ್ಬ್ ಕಡಿಮೆ ಮಾಡಿದ್ರೆ ಶುಗರ್ ತೀರಾ ಕೆಳಗೆ ಹೋಗ್ಬಹುದು. 70ಕ್ಕಿಂತ ಕೆಳಗೆ ಬಂದ್ರೆ 15 ಗ್ರಾಂ ಗ್ಲೂಕೋಸೋ ಸಕ್ಕರೆಯೋ ತಗೊಂಡು 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ. ಡಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ತಗೊಳ್ಳೋರು ಕಾರ್ಬ್ ಪೂರ್ತಿ ಬಿಡೋ ಡಯಟ್ಟಿಗೆ ಕೈ ಹಾಕ್ಲೇಬೇಡಿ, ಕೀಟೋಆಸಿಡೋಸಿಸ್ (ರಕ್ತದಲ್ಲಿ ಆಮ್ಲ ಅಪಾಯದ ಮಟ್ಟಕ್ಕೆ ಏರೋದು) ಆಗೋ ಅಪಾಯ ಇದೆ. ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ಮಾತ್ರೆ ಕೊಟ್ಟಿದ್ರೆ, ಶುಗರ್ ಸ್ವಲ್ಪ ಏರುತ್ತಂತೆ ಅಂತ ಕೇಳಿ ನೀವೇ ನಿಲ್ಲಿಸ್ಬೇಡಿ, ಏರೋದು ನಿಜ, ಆದ್ರೆ ಅಲ್ಪ, ಹೃದಯಕ್ಕೆ ಸಿಗೋ ಲಾಭ ಅದಕ್ಕಿಂತ ಎಷ್ಟೋ ದೊಡ್ಡದು.

ಕೊನೇದು ಗ್ಲೂಕೋಮೀಟರ್ ಜೊತೆ ಒಂದು ಸಣ್ಣ ಪರೀಕ್ಷೆ. ಎರಡು ದಿನ ಅದೇ ಊಟ, ಅದೇ ಅಳತೆ, ಒಂದು ದಿನ ಊಟ ಆದ್ಮೇಲೆ ಕೂತ್ಕೊಳ್ಳಿ, ಇನ್ನೊಂದು ದಿನ 15 ನಿಮಿಷ ನಡೀರಿ. ಊಟ ಶುರು ಮಾಡಿದ ಎರಡು ಗಂಟೆಗೆ ಎರಡೂ ದಿನ ಚೆಕ್ ಮಾಡಿ ಬರ್ಕೊಳ್ಳಿ, ಸಾಮಾನ್ಯ ಗುರಿ 180ರ ಒಳಗೆ. ನನಗೆ ಕೂತ ದಿನ 204, ನಡೆದ ದಿನ 171 ಬಂತು. ಆ ಚೀಟಿ ಈಗ್ಲೂ ಫ್ರಿಜ್ ಬಾಗಿಲ ಮೇಲಿದೆ, ಅದರ ಕೆಳಗೆ ಮುಂದಿನ ಲಿಪಿಡ್ ಟೆಸ್ಟಿನ ತಾರೀಕು.