ಮಾಲ್ಕಮ್ ಯಂಗ್ ಅವರಿಂದ ರಿದಮ್ ಗಿಟಾರ್ ಕಲಿಯುವ ಬಗೆ

ಮೈಸೂರಿನಲ್ಲಿ ಗಿಟಾರ್ ಹಿಡಿದವರಲ್ಲಿ ಹೆಚ್ಚಿನವರಿಗೆ ಲೀಡ್, ಅಂದರೆ ಮುಂದೆ ಎದ್ದು ಕೇಳುವ ಸ್ವರಸಾಲು, ನುಡಿಸುವ ಆಸೆ. ಗಣೇಶೋತ್ಸವದ ಆರ್ಕೆಸ್ಟ್ರಾಕ್ಕೂ ರಿದಮ್, ಅಂದರೆ ಹಾಡಿನ ಲಯವನ್ನು ಹಿಡಿದಿಡುವ ಗಿಟಾರ್, ನುಡಿಸಲು ಮನಸಾರೆ ಒಪ್ಪುವವರು ಕಡಿಮೆ. ಒಪ್ಪಿದವರು ಮೊದಲು ಕೇಳಬೇಕಾದದ್ದು ಮಾಲ್ಕಮ್ ಯಂಗ್ ಅವರ ನುಡಿಸುವಿಕೆಯನ್ನು. 1953ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿ, ಹತ್ತನೆಯ ವಯಸ್ಸಿನಲ್ಲಿ ಕುಟುಂಬದೊಡನೆ ಆಸ್ಟ್ರೇಲಿಯಾಕ್ಕೆ ಹೋದ ಅವರು, 1973ರಲ್ಲಿ ತಮ್ಮ ಆಂಗಸ್ ಜೊತೆ ಸಿಡ್ನಿಯಲ್ಲಿ ಎಸಿ/ಡಿಸಿ ಎಂಬ ರಾಕ್ ತಂಡವನ್ನು ಕಟ್ಟಿದರು. ವೇದಿಕೆಯ ಮುಂಭಾಗವನ್ನೆಲ್ಲ ತಮ್ಮನಿಗೆ ಬಿಟ್ಟು, ತಾವು ಹಿಂದೆ ಆಂಪ್ಲಿಫಯರ್‌ಗಳ ಬಳಿ ನಿಂತೇ ನುಡಿಸಿದರು.

1980ರ 'ಬ್ಯಾಕ್ ಇನ್ ಬ್ಲ್ಯಾಕ್' ಹಾಡನ್ನು ಹೆಡ್‌ಫೋನಿನಲ್ಲಿ ಕೇಳಿ. ಆಂಗಸ್ ಅವರ ಲೀಡ್ ಓಡುವಾಗ ಅದರ ಹಿಂದೆ ಹೋಗದೆ, ಕೆಳಗೆ ಮಾಲ್ಕಮ್ ಅವರ ರಿದಮ್‌ನಲ್ಲಿ ಏನು ನಡೆಯುತ್ತಿದೆಯೆಂಬುದರ ಮೇಲೆ ಗಮನವಿಡಿ.

ವಾದ್ಯದ ವಿಷಯದಲ್ಲಿ ಮಾಲ್ಕಮ್ ಬೇಡದ್ದನ್ನು ತೆಗೆಯುತ್ತ ಹೋದವರು. ತಮ್ಮ 1963ರ ಗ್ರೆಚ್ ಗಿಟಾರಿನಲ್ಲಿ ಬ್ರಿಜ್ (ತಂತಿಗಳ ಕೆಳತುದಿಯ ಆಸರೆ) ಬಳಿಯ ಪಿಕಪ್ (ತಂತಿಯ ಕಂಪನವನ್ನು ಹಿಡಿಯುವ ಭಾಗ) ಒಂದನ್ನೇ ಉಳಿಸಿಕೊಂಡು, ದಪ್ಪ ತಂತಿಗಳನ್ನು ಹಾಕಿ, ಮಾರ್ಷಲ್ ಆಂಪ್ಲಿಫಯರಿನ ಗೇನನ್ನು (ದನಿಯ ಒರಟುತನವನ್ನು ಹೆಚ್ಚಿಸುವ ಗುಂಡಿಯನ್ನು) ಕಡಿಮೆ ಇಡುತ್ತಿದ್ದರು. ನೀವು 11ರ ತಂತಿಯಿಂದ (ಅತಿ ತೆಳುವಾದ ತಂತಿ 0.011 ಇಂಚು ದಪ್ಪವಿರುವ ಸೆಟ್‌ನಿಂದ) ಆರಂಭಿಸಿದರೆ ಸಾಕು. ಗಿಟಾರಿನ ಕತ್ತು ಬಾಗದಂತೆ ಅಂಗಡಿಯಲ್ಲಿ ಸರಿಮಾಡಿಸಿಕೊಳ್ಳಿ. ಗೇನ್ ತಗ್ಗಿಸಿದರೆ ಪ್ರತಿ ತಂತಿಯ ದನಿಯೂ ಬಿಡಿಬಿಡಿಯಾಗಿ ಕೇಳುತ್ತದೆ, ಅದರೊಂದಿಗೆ ಪ್ರತಿ ತಪ್ಪೂ ಕೇಳುತ್ತದೆ. (ಗೇನ್ ಕಡಿಮೆಯೆಂದರೆ ಸದ್ದು ಕಡಿಮೆಯೆಂದಲ್ಲ, ಕುವೆಂಪುನಗರದ ನೆರೆಯವರ ನಿದ್ದೆಗೆ ವಾಲ್ಯೂಮ್ ಗುಂಡಿ ಬೇರೆಯೇ ಇದೆ.)

ಇನ್ನು ಅಭ್ಯಾಸ. 'ಬ್ಯಾಕ್ ಇನ್ ಬ್ಲ್ಯಾಕ್' ಹಾಡಿನ ಮೊದಲಿಗೆ ಬರುವ ಇ, ಡಿ, ಎ ಎಂಬ (ಹಲವು ಸ್ವರಗಳು ಒಟ್ಟಿಗೆ ನುಡಿಯುವ) ಕಾರ್ಡ್‌ಗಳು ಯಾವ ಹೊಸಬನಿಗೂ ಒಂದು ವಾರದಲ್ಲಿ ಕೈಗೆ ಬರುತ್ತವೆ. ಅವುಗಳ ನಡುವಿನ ಮೌನ ಬರುವುದಕ್ಕೆ ತಿಂಗಳುಗಳೇ ಬೇಕು. ಲಯ ತೋರಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಎಣಿಕೆಗೆ ಇಟ್ಟು, ಕಾಲಿನಲ್ಲಿ ನಾಲ್ಕೆಣಿಕೆ ಹಾಕುತ್ತ, ಮೊದಲ ಎಣಿಕೆಗೆ ಮಾತ್ರ ಕಾರ್ಡ್ ಬಾರಿಸಿ, ಎರಡನೆಯದು ಬೀಳುವ ಕ್ಷಣಕ್ಕೆ ಸರಿಯಾಗಿ ಎಡಗೈ ಬೆರಳುಗಳನ್ನು ಸಡಿಲಿಸಿ ಬಲಗೈ ಅಂಗೈಯನ್ನು ತಂತಿಗಳ ಮೇಲಿಟ್ಟು ದನಿಯನ್ನು ಕತ್ತರಿಸಿ. ಮೀಟು ಬೀಳುವ ಜಾಗದಷ್ಟೇ ನಾದ ನಿಲ್ಲುವ ಜಾಗವೂ ಖಚಿತವಾಗಿರಬೇಕು. ಮೃದಂಗ ಕಲಿತ ಗೆಳೆಯರಿದ್ದರೆ ಎದುರಿಗೆ ಕೂರಿಸಿಕೊಳ್ಳಿ. ನೀವು ಅವಸರಪಟ್ಟದ್ದು ನಿಮಗಿಂತ ಮೊದಲು ಅವರಿಗೆ ತಿಳಿಯುತ್ತದೆ.

ಮರೆಗುಳಿತನ ಆವರಿಸತೊಡಗಿದ ಮೇಲೂ ಮಾಲ್ಕಮ್ ತಾವೇ ಕಟ್ಟಿದ, ಹಾಡಿನಲ್ಲಿ ಮತ್ತೆ ಮತ್ತೆ ಮರಳುವ ಸ್ವರಗುಚ್ಛಗಳಾದ ರಿಫ್‌ಗಳನ್ನು ಮತ್ತೆ ಕಲಿತು ವೇದಿಕೆಗೆ ಹೋಗುತ್ತಿದ್ದರು. 2014ರಲ್ಲಿ ಅವರು ತಂಡವನ್ನು ಬಿಟ್ಟಾಗ ಆ ಜಾಗಕ್ಕೆ ಅಣ್ಣನ ಮಗ ಸ್ಟೀವಿ ಯಂಗ್ ಬಂದರು; 2017ರ ನವೆಂಬರ್ 18ರಂದು, 64ನೆಯ ವಯಸ್ಸಿನಲ್ಲಿ, ಮಾಲ್ಕಮ್ ತೀರಿಕೊಂಡರು. ತಮ್ಮದೇ ರಿಫನ್ನು ಅವರೇ ಮತ್ತೆ ಕಲಿಯಬೇಕಾಯಿತು; ಆದ್ದರಿಂದ ಒಮ್ಮೆ ಬಂದ ರಿಫ್ ಬಂದೇ ಬಿಟ್ಟಿತೆಂದುಕೊಳ್ಳದೆ, ವಾರಕ್ಕೊಮ್ಮೆ ಅದನ್ನು 60ರ ವೇಗಕ್ಕೇ ಇಳಿಸಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಮರುದಿನ ಬೆಳಿಗ್ಗೆ ಕೇಳಿ.